ಮನೆಬಳಕೆಗೆ ಡೆಸ್ಕ್‌ಟಾಪ್: 30 ಸಾವಿರದೊಳಗೆ ಹೊಸದು ತಗೊಳ್ಳೋದಾ, ರೀಫರ್ಬಿಶ್ಡ್ ತಗೊಳ್ಳೋದಾ?

ಶರಾವತಿ_ತೀರ:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಮನೆಗೆ ಒಂದು ಡೆಸ್ಕ್‌ಟಾಪ್ ಬೇಕಾಗಿದೆ. ಮಕ್ಕಳ ಆನ್‌ಲೈನ್ ಪಾಠ, ಪಹಣಿ ತೆಗೆಯೋದು, ಸೇವಾ ಸಿಂಧು ಅರ್ಜಿ, ಬ್ಯಾಂಕು, ಯೂಟ್ಯೂಬ್, ಜೊತೆಗೆ ಸಹಕಾರ ಸಂಘದ ಪತ್ರಗಳನ್ನು ಕನ್ನಡದಲ್ಲಿ ಟೈಪ್ ಮಾಡೋದು. ಹಳೇ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಮಾಡಿದ ಫೈಲುಗಳು ಬೇಕಾದಷ್ಟಿವೆ. ಗೇಮು, ವಿಡಿಯೊ ಎಡಿಟಿಂಗು ಯಾವುದೂ ಇಲ್ಲ. ಐದಾರು ವರ್ಷ ಕಾಟ ಕೊಡದೆ ನಡೆದರೆ ಸಾಕು. ಮಾನಿಟರ್ ಸೇರಿ 30 ಸಾವಿರ ಮಿತಿ.

ವಿಚಾರಿಸಿದಾಗ ಸಿಕ್ಕ ಮೂರು ರೇಟು:

ಅ) ಹೊಸ ಅಸೆಂಬಲ್ಡ್, ‘ಐ7 ಪ್ರೊಸೆಸರ್’, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, 19 ಇಂಚು ಮಾನಿಟರ್, ಎಲ್ಲ ಸೇರಿ 18,500. ಒಂದು ವರ್ಷ ವಾರಂಟಿ.

ಆ) ಹೊಸ ಅಸೆಂಬಲ್ಡ್, ಐ3-12100, 8 ಜಿಬಿ, 512 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), 22 ಇಂಚು ಮಾನಿಟರ್, 34,000.

ಇ) ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿದ) ಡೆಲ್ ಆಪ್ಟಿಪ್ಲೆಕ್ಸ್ ಚಿಕ್ಕ ಡಬ್ಬಿ, ಐ5-8500ಟಿ, 16 ಜಿಬಿ, 256 ಜಿಬಿ ಎಸ್‌ಎಸ್‌ಡಿ, 15,500. ಮಾನಿಟರ್ ಬೇರೆ.

ಐ7 ಇಷ್ಟು ಕಮ್ಮಿಗೆ ಸಿಗುವಾಗ ಐ3ಗೆ ಅಷ್ಟು ದುಡ್ಡು ಯಾಕೆ ಅಂತ ಮನೆಯಲ್ಲಿ ಕೇಳ್ತಿದ್ದಾರೆ. ಕರೆಂಟು ಆಗಾಗ ಹೋಗುತ್ತೆ, ಇನ್ವರ್ಟರ್ ಇದೆ. ಯುಪಿಎಸ್ ಬೇರೆ ಬೇಕಾ ಅನ್ನೋದನ್ನೂ ತಿಳಿಸಿ.

---

ಬೆಸುಗೆಕಡ್ಡಿ:

‘ಐ7’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅದರ ಮುಂದಿನ ಸಂಖ್ಯೆ ಕೇಳಿ. ನಾಲ್ಕಂಕಿಯಾದರೆ ಮೊದಲ ಅಂಕಿ, ಐದಂಕಿಯಾದರೆ ಮೊದಲ ಎರಡು ಅಂಕಿ ಅದರ ತಲೆಮಾರು. 8500 ಅಂದರೆ ಎಂಟನೇದು, 12100 ಅಂದರೆ ಹನ್ನೆರಡನೇದು. ಆ ರೇಟಿಗೆ ಕೊಡುವ ಐ7 ಬಹುಪಾಲು 2600 ಅಥವಾ 3770 ಆಗಿರುತ್ತೆ, ಅಂದರೆ 2011–12ರ ಮಾಲು. ಬಿಲ್ಲಿನಲ್ಲಿ ‘ಹೊಸದು’ ಅಂತ ಬರೆಯೋದು ಮದರ್‌ಬೋರ್ಡು, ಕ್ಯಾಬಿನೆಟ್ಟು ಹೊಸದು ಅನ್ನೋ ಲೆಕ್ಕದಲ್ಲಿ. ಬೋರ್ಡಿನ ಹೆಸರಲ್ಲಿ ಎಚ್61 ಅಂತ ಇದ್ದರೆ ಅದು 2011ರ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್ಪು). ಇಂಟೆಲ್ ಅದನ್ನು ಬಿಟ್ಟು ಎಷ್ಟೋ ವರ್ಷ ಆಯಿತು. ಪೆಟ್ಟಿಗೆ ಥಳಥಳ ಅಂದರೂ ಒಳಗಿನ ಚಿಪ್ಪಿಗೆ ವಯಸ್ಸಾಗಿದೆ.

ಹಳೇದಾದರೆ ಏನಾಗುತ್ತೆ ಅಂತ ಕೇಳಬಹುದು. ಮೊದಲನೇದು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಮಾತ್ರ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಈಚಿನದು, ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಯುವ ಭಾಗ), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ತ ತಂತ್ರಾಂಶವನ್ನಷ್ಟೇ ಬಿಡುವ ಸೆಟ್ಟಿಂಗ್) ಬೇಕು. ರೈಜೆನ್ ಆದರೆ 3000 ಸರಣಿಯಿಂದ ಈಚೆಗೆ ನೋಡಿಕೊಳ್ಳಿ, ಗೊಂದಲ ಇರಲ್ಲ. ಹಳೇ ಯಂತ್ರಕ್ಕೂ ಅಡ್ಡದಾರಿಯಲ್ಲಿ 11 ಹಾಕಿಕೊಡ್ತಾರೆ, ಓಡುತ್ತೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತೆ ಅಂತ ಮೈಕ್ರೋಸಾಫ್ಟ್ ಖಾತ್ರಿ ಕೊಡಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಮತ್ತೆ ಕೈಯಾರೆ ಹಾಕಬೇಕು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಇದು ಬೇಡ.

ಎರಡನೇದು ಯೂಟ್ಯೂಬ್. ಅದು ಈಗ ವಿಡಿಯೊ ಕಳಿಸೋದು ಹೆಚ್ಚಾಗಿ ವಿಪಿ9, ಎವಿ1 ರೂಪದಲ್ಲಿ. ಮೂರನೇ ತಲೆಮಾರಿನ ಐ7ಗೆ ಇವೆರಡನ್ನೂ ಗ್ರಾಫಿಕ್ಸ್ ಭಾಗದಲ್ಲಿ ಬಿಡಿಸೋಕೆ ಬರಲ್ಲ, ಎಲ್ಲ ಹೊರೆ ಪ್ರೊಸೆಸರ್ ಮೇಲೇ ಬೀಳುತ್ತೆ, ಫ್ಯಾನ್ ಕೂಗುತ್ತೆ. ಎಂಟನೇ ತಲೆಮಾರು ವಿಪಿ9 ಬಿಡಿಸುತ್ತೆ. ಹನ್ನೆರಡನೇದು ಎರಡನ್ನೂ ಬಿಡಿಸುತ್ತೆ.

ಮೂರನೇದು ರ‍್ಯಾಮ್. ಅದರಲ್ಲಿರೋದು ಡಿಡಿಆರ್3 ಅನ್ನೋ ಹಳೇ ಬಗೆ. ಮುಂದೆ ಬೋರ್ಡ್ ಹೋದರೆ ಆ 16 ಜಿಬಿಯನ್ನು ಇನ್ನೊಂದು ಹೊಸ ಯಂತ್ರಕ್ಕೆ ಹಾಕೋಕೆ ಆಗಲ್ಲ.

ಮನೆಯವರ ಪ್ರಶ್ನೆಗೆ ನೇರ ಉತ್ತರ: ಐ3-12100 ಎಲ್ಲ ದಿನನಿತ್ಯದ ಕೆಲಸದಲ್ಲೂ ಐ7-3770ಗಿಂತ ಬಹಳ ಮುಂದಿದೆ. ಅ) ಬಿಟ್ಟುಬಿಡಿ. ನನ್ನ ಮತ ಇ)ಗೆ.

---

ಗಣಕಮಿತ್ರ_ದಾವಣಗೆರೆ:

ಅ) ಬೇಡ ಅನ್ನೋದಕ್ಕೆ ನನ್ನದೂ ಒಪ್ಪಿಗೆ. ಆದರೆ ಆ)ಯನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ. ಐದಾರು ವರ್ಷ ಅಂತ ಕೇಳಿದ್ದಾರೆ. ಎಂಟನೇ ತಲೆಮಾರು ಬಂದದ್ದು 2017–18ರಲ್ಲಿ, ವಿಂಡೋಸ್ 11ರ ಬಾಗಿಲಲ್ಲಿ ಕೊನೆಯ ಮೆಟ್ಟಿಲು ಅದು. ಮುಂದಿನ ವಿಂಡೋಸ್‌ನಲ್ಲಿ ಮೊದಲು ಹೊರಬೀಳೋದೂ ಅದೇ ಇರಬಹುದು. ಹೊಸ ಐ3 ತಗೊಂಡರೆ ಪ್ರೊಸೆಸರಿಗೆ ಮೂರು ವರ್ಷ, ಬೋರ್ಡಿಗೆ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರರಿಂದ ಐದು ವರ್ಷ ಕಂಪನಿ ವಾರಂಟಿ ಸಿಗುತ್ತೆ. ಬಿಡಿಭಾಗ ಕೆಟ್ಟರೆ ಯಾವ ಊರಲ್ಲಾದರೂ ಸಿಗುವಂಥದ್ದು ಹಾಕಬಹುದು.

34 ಸಾವಿರವನ್ನು ಎಲ್ಲಿ ಇಳಿಸಬಹುದು ಅಂದರೆ, ಮೊದಲು ಬೋರ್ಡ್ ಕೇಳಿ. ಎಚ್610 ಚಿಪ್‌ಸೆಟ್, ಡಿಡಿಆರ್4 ರ‍್ಯಾಮ್ ಸಾಕು. ಅಂಗಡಿಯವರು ಬಿ660 ಅಥವಾ ಬಿ760 ಹಾಕಿದ್ದರೆ ಅದು ನಿಮಗೆ ದಂಡ. ಕ್ಯಾಬಿನೆಟ್ಟಿನಲ್ಲಿ ಗಾಜು, ಬಣ್ಣದ ದೀಪ ಇದ್ದರೆ ಸಾದಾದ್ದು ಕೇಳಿ. ಎಸ್‌ಎಸ್‌ಡಿ 512 ಬದಲು 256 ಆದರೂ ನಡೆಯುತ್ತೆ, ಫೋಟೋ ಹಾಕಿಡೋಕೆ ಹೇಗೂ ಹೊರಗಿನ ಡಿಸ್ಕ್ ಒಂದು ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿರೋದರಿಂದ ಈಗ 8 ಜಿಬಿಯ ಒಂದೇ ಕಡ್ಡಿ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. 4 ಜಿಬಿಯ ಎರಡು ಕಡ್ಡಿ ಹಾಕಿಸಬೇಡಿ. ಮುಂದೆ ಏರಿಸುವಾಗ ಎರಡನ್ನೂ ಕಿತ್ತು ಬಿಸಾಡಬೇಕಾಗುತ್ತೆ.

ತಪ್ಪದೆ ನೋಡಬೇಕಾದ್ದು ಪ್ರೊಸೆಸರ್ ಸಂಖ್ಯೆಯ ಕೊನೆಯ ಅಕ್ಷರ. ಐ3-12100 ಬೇರೆ, ಐ3-12100ಎಫ್ ಬೇರೆ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಬರಲ್ಲ. ಅದು ಅಗ್ಗ, ಹಾಗಾಗಿ ಕೊಟೇಶನ್ನಿಗೆ ನುಸುಳುತ್ತೆ, ಆಮೇಲೆ ಯಾವುದೋ ಹತ್ತು ವರ್ಷದ ಹಿಂದಿನ ಕಾರ್ಡನ್ನು ಜೊತೆಗೆ ಸಿಕ್ಕಿಸಿ ಕೊಡ್ತಾರೆ.

ಇನ್ನು ಎಸ್‌ಎಂಪಿಎಸ್, ಅಂದರೆ ಯಂತ್ರದೊಳಗೆ ಕರೆಂಟು ಹಂಚುವ ಡಬ್ಬಿ. ಇದರಲ್ಲಿ ಉಳಿಸೋಕೆ ಹೋಗಬೇಡಿ. ಕ್ಯಾಬಿನೆಟ್ಟಿನ ಜೊತೆ ಬರುವ ‘450 ವ್ಯಾಟ್’ ಡಬ್ಬಿಯ ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಅಂತ ಓದಿ. 16 ಆಂಪಿಯರ್ ಅಂತಿದ್ದರೆ 16×12, ಅಂದರೆ 192 ವ್ಯಾಟ್ ಅಷ್ಟೇ. ನಿಜವಾದ 450 ವ್ಯಾಟಿನದರಲ್ಲಿ 35 ಆಂಪಿಯರ್ ಆಸುಪಾಸು ಇರುತ್ತೆ. ನಿಮ್ಮ ಯಂತ್ರ 100 ವ್ಯಾಟ್ ಕೂಡ ಎಳೆಯೋದು ಅಪರೂಪ, ಹಾಗಾಗಿ ವ್ಯಾಟ್ ಸಾಲದೆ ಹೋಗಲ್ಲ. ಭಯ ಇರೋದು ಬೇರೆ ಕಡೆ: ಸುಳ್ಳು ಬರೆದ ಡಬ್ಬಿಯಲ್ಲಿ ಓವರ್‌ವೋಲ್ಟೇಜ್ ರಕ್ಷಣೆಯೂ ಇರಲ್ಲ, ಕೆಪಾಸಿಟರ್ ಊದಿ ಸಾಯುವಾಗ ಬೋರ್ಡನ್ನೂ ಕರೆದುಕೊಂಡೇ ಹೋಗುತ್ತೆ. 80 ಪ್ಲಸ್ ಗುರುತಿನದು, ಕಂಪನಿ ವಾರಂಟಿ ಇರೋದು ಹಾಕಿಸಿ.

---

ಎರಡನೇ_ಕೈ:

ರೀಫರ್ಬಿಶ್ಡ್ ತಗೊಳ್ಳೋದಾದರೆ ದುಡ್ಡು ಕೊಡುವ ಮುಂಚೆ ಮಾಡಬೇಕಾದ ಪರೀಕ್ಷೆ ಇದು. ಅರ್ಧ ಗಂಟೆ ಸಾಕು. ಅಂಗಡಿಯವರು ಬಿಡಲಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ಆಫೀಸುಗಳು ಲೀಸ್ ಮುಗಿದ ಮೇಲೆ ವಾಪಸ್ ಮಾಡಿದ ಇಂಥ ಯಂತ್ರ ಬೆಂಗಳೂರಲ್ಲಿ ಬೇಕಾದಷ್ಟಿವೆ.

ಆನ್ ಮಾಡಿದ ತಕ್ಷಣ ಎಫ್2 ಒತ್ತಿ ಬಯಾಸ್ (ವಿಂಡೋಸ್‌ಗೂ ಮುಂಚೆ ಬರುವ, ಬೋರ್ಡಿನದೇ ಸೆಟ್ಟಿಂಗ್ ಪರದೆ) ಒಳಗೆ ಹೋಗಿ. ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಕೈಬಿಡಿ. ಹಳೇ ಕಂಪನಿ ಹಾಕಿದ ಬೀಗ ಅದು, ಮುಂದೆ ಒಂದು ಸೆಟ್ಟಿಂಗೂ ಬದಲಿಸೋಕೆ ಬರಲ್ಲ. ಒಳಗೆ ಕಂಪ್ಯೂಟ್ರೇಸ್ ಅಥವಾ ಅಬ್ಸೊಲ್ಯೂಟ್ ಅನ್ನೋ ಸಾಲು ಹುಡುಕಿ. ‘ಆಕ್ಟಿವೇಟೆಡ್’ ಅಂತಿದ್ದರೆ ಯಂತ್ರ ಇನ್ನೂ ಹಳೇ ಮಾಲೀಕರ ಕಾವಲಲ್ಲಿದೆ, ಬೇಡ. ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು. ಗಡಿಯಾರ ಹಿಂದೆ ಹೋಗಿದ್ದರೆ ಸಿಆರ್2032 ಸೆಲ್ ಸತ್ತಿದೆ. ಅದು ಸಣ್ಣ ಖರ್ಚು, ಅವರೇ ಹಾಕಿಕೊಡಲಿ.

ಡೆಲ್ ಆದರೆ ಮೈಮೇಲಿನ ಸರ್ವಿಸ್ ಟ್ಯಾಗನ್ನು ಡೆಲ್ ಜಾಲತಾಣದಲ್ಲಿ ಹಾಕಿ. ಯಾವಾಗ ಮಾರಾಟವಾಯಿತು, ಮೂಲದಲ್ಲಿ ಯಾವ ಪ್ರೊಸೆಸರ್ ಇತ್ತು ಅನ್ನೋದು ಬರುತ್ತೆ. ಬಯಾಸಿನಲ್ಲಿ ತೋರಿಸುವ ಟ್ಯಾಗೂ ಚೀಟಿಯದೂ ಒಂದೇ ಆಗಿರಬೇಕು. ಬೇರೆ ಬೇರೆ ಆಗಿದ್ದರೆ ಬೋರ್ಡು ಒಂದರದ್ದು, ಮೈ ಇನ್ನೊಂದರದ್ದು.

ವಿಂಡೋಸ್ ಒಳಗೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ನೋಡಿ: ಎಷ್ಟು ಸ್ಲಾಟ್ ಬಳಸಿದೆ ಅಂತ ಕೆಳಗೆ ಬರೆದಿರುತ್ತೆ. 8 ಜಿಬಿಯ ಎರಡು ಕಡ್ಡಿ ಇದ್ದರೆ ಒಳ್ಳೇದು. ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳೋದರಿಂದ ಜೋಡಿ ಕಡ್ಡಿಯ ಲಾಭ ಎದ್ದು ಕಾಣುತ್ತೆ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಓಡಿಸಿ. ಎಸ್‌ಎಸ್‌ಡಿಯ ಆರೋಗ್ಯ ಶೇಕಡಾ 90ಕ್ಕಿಂತ ಮೇಲಿದ್ದರೆ ಚಿಂತೆ ಇಲ್ಲ. ಕೇಳದ ಹೆಸರಿನ ಎಸ್‌ಎಸ್‌ಡಿ ಹಾಕಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಗೊತ್ತಿರುವ ಕಂಪನಿಯದು ಹಾಕಿಸಿ. ಅಗ್ಗದವು ಮೊದಲ ಕೆಲವು ಜಿಬಿ ಸರಸರ ಬರೆದು ಆಮೇಲೆ ಹಾರ್ಡ್ ಡಿಸ್ಕಿಗಿಂತ ನಿಧಾನ ಆಗುತ್ತವೆ, ಸಾಯೋದೂ ಮುನ್ಸೂಚನೆ ಇಲ್ಲದೆ.

ಶಾಖಕ್ಕೆ ಎಚ್‌ಡಬ್ಲ್ಯೂ ಇನ್ಫೊ ತೆರೆದಿಟ್ಟು, ಸಿಪಿಯು-ಝಡ್‌ನಲ್ಲಿರುವ ಸ್ಟ್ರೆಸ್ ಗುಂಡಿ ಒತ್ತಿ ಹದಿನೈದು ನಿಮಿಷ ಬಿಡಿ. 8500ಟಿ ಥರದ 35 ವ್ಯಾಟಿನ ಪ್ರೊಸೆಸರ್ 80 ಡಿಗ್ರಿ ಒಳಗೇ ನಿಲ್ಲಬೇಕು. ಎರಡೇ ನಿಮಿಷಕ್ಕೆ 95 ದಾಟಿದರೆ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಫ್ಯಾನಿನ ಹಿಂದೆ ಧೂಳು ಗಟ್ಟಿಯಾಗಿದೆ. ಎರಡೂ ರಿಪೇರಿಯಾಗುವಂಥದ್ದೇ, ಆದರೆ ಅವರ ಖರ್ಚಿನಲ್ಲಿ ಆಗಲಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವೋದು ಅಡಾಪ್ಟರಿನಲ್ಲಿ. ಡೆಲ್ ಚಿಕ್ಕ ಡಬ್ಬಿಗೆ 19.5 ವೋಲ್ಟಿನ ಅಡಾಪ್ಟರ್ ಬರುತ್ತೆ. ಅದರ ಪಿನ್ನಿನ ನಡುವಿನ ಸಣ್ಣ ಸೂಜಿಯ ಮೂಲಕ ಯಂತ್ರ ‘ಇದು ಎಷ್ಟು ವ್ಯಾಟಿನದು’ ಅಂತ ಕೇಳಿಕೊಳ್ಳುತ್ತೆ. ಡೂಪ್ಲಿಕೇಟ್ ಅಡಾಪ್ಟರ್ ಉತ್ತರ ಕೊಡದಿದ್ದರೆ ಆನ್ ಮಾಡುವಾಗ ಅಡಾಪ್ಟರ್ ಗುರುತು ಸಿಗಲಿಲ್ಲ ಅನ್ನೋ ಎಚ್ಚರಿಕೆ ಬರುತ್ತೆ, ಎಫ್1 ಒತ್ತಿದರೆ ಮುಂದೆ ಹೋಗುತ್ತೆ, ಆದರೆ ಪ್ರೊಸೆಸರ್ ವೇಗವನ್ನು ಕೆಳಗಿಳಿಸಿ ಕಟ್ಟಿಹಾಕುತ್ತೆ. ಯಂತ್ರ ಆಮೆ ಆಯಿತು ಅಂತ ಜನ ವಿಂಡೋಸ್ ಮತ್ತೆ ಮತ್ತೆ ಹಾಕಿಸ್ತಾರೆ, ಕಾರಣ ಅಡಾಪ್ಟರ್. ಟಾಸ್ಕ್ ಮ್ಯಾನೇಜರಿನಲ್ಲಿ ಕೆಲಸ ಕೊಟ್ಟಾಗಲೂ ವೇಗ 0.8 ಗಿಗಾಹರ್ಟ್ಜ್ ಆಸುಪಾಸೇ ನಿಂತಿದ್ದರೆ ಇದೇ ರೋಗ ಅಂತ ತಿಳಿಯಿರಿ.

ಮನೆಗೆ ತಂದ ಮೇಲೆ ಅವರು ಹಾಕಿಕೊಟ್ಟ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿ. ಕಳ್ಳ ಆಕ್ಟಿವೇಶನ್ ಮಾಡಿದ ಪ್ರತಿಯಲ್ಲಿ ಬ್ಯಾಂಕಿಗೆ ಹೋಗಬಾರದು. ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್ ಮಾಡಿಕೊಂಡರೆ ಆಯಿತು. ವಿಂಡೋಸ್ ಸಮೇತ ಮಾರಾಟವಾದ ಆಪ್ಟಿಪ್ಲೆಕ್ಸಿನ ಕೀಲಿ ಬೋರ್ಡಿನ ಬಯಾಸಿನಲ್ಲೇ ಕೂತಿರುತ್ತೆ. ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತೆ, ಹೆಚ್ಚಾಗಿ ಅದು ಪ್ರೊ. ಆಗಲಿಲ್ಲ ಅಂದರೆ ಅಂಗಡಿಯವರನ್ನು ಕೇಳೋಕೆ ಬಿಲ್ಲು ಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಸರ್ವಿಸ್ ಟ್ಯಾಗ್ ಬರೆಸಿ.

---

ಶರಾವತಿ_ತೀರ:

ತುಂಬಾ ಧನ್ಯವಾದ. ಫೋನ್ ಮಾಡಿ ಕೇಳಿದೆ: ಅ) ಐ7-3770, ಎಚ್61 ಬೋರ್ಡು, ಡಿಡಿಆರ್3. ನೀವು ಹೇಳಿದ ಹಾಗೇ ಇದೆ, ಅದನ್ನು ಬಿಟ್ಟೆವು. ಇ) ಕಡೆ ಮನಸ್ಸು ವಾಲಿದೆ. ಎರಡು ಪ್ರಶ್ನೆ ಉಳಿದವು. ಇನ್ವರ್ಟರ್ ಇದ್ದೂ ಯುಪಿಎಸ್ ಬೇಕಾ? ಮತ್ತು ನುಡಿ ಫೈಲುಗಳು ಹೊಸ ವಿಂಡೋಸಿನಲ್ಲಿ ತೆರೆಯುತ್ತವಾ, ಲಿನಕ್ಸ್ ಹಾಕಿದರೂ ನಡೆಯುತ್ತಾ?

---

ಅರ್ಥಿಂಗ್_ಅಣ್ಣ:

ಇನ್ವರ್ಟರಿನ ಮುಂದೆ ‘ಯುಪಿಎಸ್’ ಮತ್ತು ‘ಇಕೊ’ ಅಥವಾ ‘ನಾರ್ಮಲ್’ ಅನ್ನೋ ಸ್ವಿಚ್ ಇದೆಯಾ ನೋಡಿ. ಕರೆಂಟು ಹೋದಾಗ ಬ್ಯಾಟರಿಗೆ ತಿರುಗೋಕೆ ಯುಪಿಎಸ್ ಮೋಡಿನಲ್ಲಿ ಸುಮಾರು 10 ಮಿಲಿಸೆಕೆಂಡ್ ಹಿಡಿದರೆ, ಇನ್ನೊಂದರಲ್ಲಿ ಅದರ ಹಲವು ಪಟ್ಟು. ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತೆ. ಆದ್ದರಿಂದ ಯುಪಿಎಸ್ ಮೋಡಿನಲ್ಲಿ ರೀಸ್ಟಾರ್ಟ್ ಆಗಲ್ಲ, ಇಕೊದಲ್ಲಿ ಆಗುತ್ತೆ. ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂಥ ನಯವಾದ ಅಲೆ ಕೊಡುವಂಥದ್ದು) ಆಗಿದ್ದು ಈ ಸ್ವಿಚ್ ಇದ್ದರೆ ಬೇರೆ ಯುಪಿಎಸ್ ಬೇಡ. ಹಳೇ ಸ್ಕ್ವೇರ್ ವೇವ್ ಆದರೆ 600 ವಿಎ ಯುಪಿಎಸ್ ಒಂದು ತಗೊಂಡು, ಅದನ್ನು ಇನ್ವರ್ಟರ್ ಇಲ್ಲದ ಪಾಯಿಂಟಿಗೆ ಹಾಕಿ. ಸ್ಕ್ವೇರ್ ವೇವನ್ನು ಎಷ್ಟೋ ಯುಪಿಎಸ್‌ಗಳು ಕೆಟ್ಟ ಕರೆಂಟು ಅಂತಲೇ ತಿಳಿದು ಬ್ಯಾಟರಿ ಮೇಲೇ ಕೂರುತ್ತವೆ. ಚಿಕ್ಕ ಡಬ್ಬಿ, ಮಾನಿಟರ್ ಸೇರಿ 60 ವ್ಯಾಟ್ ಮೀರಲ್ಲ, 12 ವೋಲ್ಟ್ 7 ಎಎಚ್ ಬ್ಯಾಟರಿ ಹೊಸದಿದ್ದಾಗ 20 ನಿಮಿಷದ ಮೇಲೇ ಬರುತ್ತೆ. ಆ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸುವ ವಸ್ತು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದರ ಹೀಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಮಲಗುತ್ತೆ.

ಅರ್ಥಿಂಗ್ ನೋಡಿಸದೆ ಯಾವ ಯಂತ್ರವನ್ನೂ ಆನ್ ಮಾಡಬೇಡಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಬಂದರೆ ಸರಿ, ಫೇಸ್ ಮತ್ತು ಅರ್ಥ್ ನಡುವೆ ಪೂರ್ತಿ 230ರ ಹತ್ತಿರ ಬರಬೇಕು. ದೊಡ್ಡ ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಜುಮ್ ಅನ್ನೋದು ಅರ್ಥ್ ಇಲ್ಲದ್ದಕ್ಕೆ. ಎಸ್‌ಎಂಪಿಎಸ್ ಒಳಗೆ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ತಗಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತೆ. ಅರ್ಥ್ ಸಿಗದಿದ್ದರೆ ತಗಡು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಆಸುಪಾಸು ತೇಲುತ್ತೆ. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಮೂರನೇ ಪಿನ್ನನ್ನು ತಪ್ಪಿಸುವ ಅಭ್ಯಾಸ ಬಿಡಿ.

ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಯಾವ ಸ್ಪೈಕ್ ಗಾರ್ಡೂ ನಿಲ್ಲಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಲ್ಲರೂ ಮರೆಯೋದು ಇಂಟರ್ನೆಟ್ಟಿನ ಲ್ಯಾನ್ ಕೇಬಲ್. ಫೈಬರ್ ದಾರ ಗಾಜಿನದು, ಕರೆಂಟು ತರಲ್ಲ. ಆದರೆ ಫೈಬರ್ ಡಬ್ಬಿಯ ಅಡಾಪ್ಟರ್ ಗೋಡೆಯಲ್ಲೇ ಇದ್ದರೆ ಅಲ್ಲಿಂದ ಬಂದ ಸರ್ಜ್ ಲ್ಯಾನ್ ತಾಮ್ರದ ಮೂಲಕ ನೇರ ಬೋರ್ಡಿಗೆ. ಲ್ಯಾನ್ ಪೋರ್ಟ್ ಮಾತ್ರ ಸತ್ತ ಕಂಪ್ಯೂಟರುಗಳ ಕತೆ ಬಹುಪಾಲು ಇದೇ. ವೈಫೈ ಬಳಸಿದರೆ ಈ ದಾರಿಯೇ ಮುಚ್ಚುತ್ತೆ. ಚಿಕ್ಕ ಆಪ್ಟಿಪ್ಲೆಕ್ಸುಗಳು ಎಲ್ಲದಕ್ಕೂ ವೈಫೈ ಕಾರ್ಡ್ ಇರಲ್ಲ, ಕೇಳಿ ತಗೊಳ್ಳಿ.

---

ಕೀಲಿಮಣೆ:

ನುಡಿ ಫೈಲುಗಳ ವಿಚಾರ. ಹಳೇ ‘ನುಡಿ 01 ಇ’ ಫಾಂಟಿನಲ್ಲಿ ಮಾಡಿದ ಪತ್ರಗಳು ಯೂನಿಕೋಡ್ (ಈಗ ಎಲ್ಲ ಯಂತ್ರಗಳೂ ಬಳಸುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಫೈಲು ಹಾಳಾಗಿಲ್ಲ, ಹೆದರಬೇಡಿ. ಹಳೇ ಯಂತ್ರ ಮಾರುವ ಮೊದಲು ಅದರ ಫಾಂಟ್ಸ್ ಫೋಲ್ಡರಿನಲ್ಲಿ ನುಡಿ ಹೆಸರಿನವೆಲ್ಲ ಪೆನ್‌ಡ್ರೈವಿಗೆ ತಗೊಂಡಿಡಿ. ಹೊಸ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಆ ಫಾಂಟ್ ಹಾಕಿದರೆ ಓದೋಕೆ ಬರುತ್ತೆ. ತಿದ್ದಿ ಮತ್ತೆ ಬಳಸಬೇಕಾದ ಪತ್ರಗಳನ್ನು ಮಾತ್ರ ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಪತ್ರದ ನಡುವಿನ ಇಂಗ್ಲಿಷ್ ಪದ ಮತ್ತು ಅಂಕಿಗಳನ್ನು ಕಣ್ಣಾರೆ ನೋಡಿ, ತಪ್ಪು ಬೀಳೋದು ಅಲ್ಲೇ. ಸಂಘದ ಲೆಕ್ಕದ ಹಾಳೆಯಾದರೆ ಇದನ್ನು ಬಿಡಲೇಬೇಡಿ.

ಟೈಪಿಂಗಿಗೆ ವಿಂಡೋಸಿನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್, ಫೊನೆಟಿಕ್ ಎರಡೂ ಸಿಗುತ್ತವೆ. ನುಡಿಯ ಕೀಲಿಮಣೆ ವಿನ್ಯಾಸವೇ ಬೇಕು ಅಂದರೆ ಯೂನಿಕೋಡ್ ಇರುವ ಹೊಸ ನುಡಿ ಹಾಕಿ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ, ಅದರಲ್ಲಿ ಐಬಸ್ ಅನ್ನೋ ಟೈಪಿಂಗ್ ತಂತ್ರಾಂಶ ಹಾಕಿ, ಎಂ17ಎನ್ ಹೆಸರಿನ ಕೀಲಿಮಣೆಗಳ ಪಟ್ಟಿಯಿಂದ ಕನ್ನಡ ಕೆಜಿಪಿ ಆರಿಸಿದರೆ ಬೆರಳಿಗೆ ರೂಢಿಯಾದ ವಿನ್ಯಾಸವೇ ಬರುತ್ತೆ. ಆದರೆ ಸಂಘದ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸೋದಾದರೆ ವಿಂಡೋಸಿನಲ್ಲೇ ಇರಿ. ಟೋಕನ್ನಿನ ಚಾಲಕ, ಸಹಿ ತಂತ್ರಾಂಶ ಅಲ್ಲಿ ಸಲೀಸು.

ಮಾನಿಟರಿಗೆ ಒಂದು ಮಾತು, ಕನ್ನಡ ಟೈಪ್ ಮಾಡುವವರಿಗೆ ಇದು ಮುಖ್ಯ. 19 ಇಂಚಿನ ಅಗ್ಗದವು 1366×768 ಇರುತ್ತವೆ. ಅದರಲ್ಲಿ ‘ಷ್ಟ್ರ’, ‘ಸ್ತ್ರ’ ಥರದ ಎರಡೆರಡು ಒತ್ತು ಕೆಳಗೆ ಕಲಸಿಹೋಗಿ, ದೀರ್ಘದ ಗುರುತು ಇದೆಯೋ ಇಲ್ಲವೋ ತಿಳಿಯಲ್ಲ. 22 ಇಂಚು, 1920×1080, ಐಪಿಎಸ್ ಪರದೆ ತಗೊಳ್ಳಿ. ಆಪ್ಟಿಪ್ಲೆಕ್ಸಿನಲ್ಲಿ ಡಿಸ್‌ಪ್ಲೇಪೋರ್ಟ್ ಖಂಡಿತ ಇರುತ್ತೆ, ಎಚ್‌ಡಿಎಂಐ ಕೆಲವು ಮಾದರಿಗೆ ಮಾತ್ರ. ಹಿಂಬದಿಯ ಫೋಟೋ ತರಿಸಿ ನೋಡಿ, ಅದಕ್ಕೆ ತಕ್ಕ ಕೇಬಲ್ ಕೊಳ್ಳಿ. ವಿಜಿಎ ಪರಿವರ್ತಕ ಹಾಕಿ ಕೆಲಸ ನಡೆಸಿದರೆ ಅಕ್ಷರದ ಅಂಚು ಮಸುಕಾಗುತ್ತೆ, ಎಷ್ಟು ಒಳ್ಳೇ ಪರದೆ ಇದ್ದರೂ ಅಷ್ಟೇ. ಹಾಕಿದ ಮೇಲೆ ವಿಂಡೋಸಿನಲ್ಲಿ ರೆಸಲ್ಯೂಶನ್ 1920×1080ರಲ್ಲೇ ಇಟ್ಟು, ಅಕ್ಷರ ಚಿಕ್ಕದೆನಿಸಿದರೆ ಸ್ಕೇಲ್ ಶೇಕಡಾ 125 ಮಾಡಿ. ರೆಸಲ್ಯೂಶನ್ ಇಳಿಸಿ ಅಕ್ಷರ ದೊಡ್ಡದು ಮಾಡೋಕೆ ಹೋಗಬೇಡಿ.